ಏಳನೇ ಗುಂಡಿಯ ಬಸಿಗಾಲುವೆ

ನನಗೊಂದು ಚಟ ಇದೆ. ಹುಲ್ಲುಹಾಸು ಕಂಡರೆ ಹಿಮ್ಮಡಿಯಿಂದ ಒಮ್ಮೆ ಒತ್ತಿ ನೋಡುವುದು. ನೆಲ ಎಷ್ಟು ನೀರು ಕುಡಿದಿದೆ, ಕೆಳಗಿರುವುದು ಎರೆಮಣ್ಣೋ ಮರಳೋ ಅಂತ ಗೊತ್ತಾಗದೆ ಅದರ ಮೇಲೆ ನಿಂತು ಮಾತಾಡಲು ನನಗೆ ಮನಸ್ಸೇ ಬರುವುದಿಲ್ಲ. ಹೋದ ತಿಂಗಳು ಪುಣೆಯ ಸ್ವಾರಗೇಟಿನ ಹತ್ತಿರ ಒಂದು ಲಾನಿನಲ್ಲಿ ನಮ್ಮ ಯಜಮಾನರ ಆಫೀಸಿನವರ ಮಗಳ ಆರತಕ್ಷತೆ ಇತ್ತು. ಇಳಕಲ್ ಸೀರೆ ಉಟ್ಟು, ಜೀವನದಲ್ಲಿ ಎರಡನೇ ಸಲ ಎತ್ತರದ ಚಪ್ಪಲಿ ಹಾಕಿಕೊಂಡು ಹೋಗಿದ್ದೆ. ವರನ ತಾಯಿ ಕುಂಕುಮ ಹಚ್ಚಲು ಬಂದಾಗ, ತಡೆಯಲಾಗದೆ, ಸೀರೆಯ ನೆರಿಗೆಯ ಮರೆಯಲ್ಲಿ ಒತ್ತಿಬಿಟ್ಟೆ. ಕಾಲು ವಾಪಸು ಬಂತು, ಚಪ್ಪಲಿ ಬರಲಿಲ್ಲ.

ಆ ತಾಯಿ ಗಾಬರಿಯಾಗಿ ಏನಾಯಿತೆಂದು ಮರಾಠಿಯಲ್ಲಿ ಕೇಳಿದರು. "ಏನಿಲ್ಲ, ಇಲ್ಲಿ ಡ್ರೇನೇಜ್ ಸರಿ ಇಲ್ಲ" ಎಂದೆ. ಅವರು ಊಟದ ಪಂಕ್ತಿಯ ಕಡೆ ಒಮ್ಮೆ ನೋಡಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಟೇಹೋದರು. ಇನ್ನು ಯಾರ ಯಾರ ಕಿವಿಗೆ ಬಿತ್ತೋ, ಆ ದಿನ ಬಾಸುಂದಿ ಬೇಕಾದಷ್ಟು ಉಳಿಯಿತು.

ಈ ಚಟ ನನಗೆ ಅಪ್ಪನಿಂದ ಬಂದದ್ದು. ಅಪ್ಪ ಗೋಕಾಕದ ಆಚೆಗಿನ ಒಂದು ಕಾಲುವೆಯ ಮೇಲೆ ನೀರಗಂಟಿಯಾಗಿದ್ದ. ಯಾರ ಹೊಲಕ್ಕೆ ಯಾವಾಗ ನೀರು, ಎಷ್ಟು ಹೊತ್ತು ಅಂತ ನೋಡಿಕೊಂಡು ತೂಬು ತೆಗೆದು ಹಾಕುವ ಕೆಲಸ. ನನ್ನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ದಂಡೆಗುಂಟ ಹೋಗುತ್ತಿದ್ದ. ಎಲ್ಲಾದರೂ ಸೈಕಲ್ ನಿಲ್ಲಿಸಿ, ಹೊಲಕ್ಕಿಳಿದು, ಬರಿಗಾಲಿನ ಹಿಮ್ಮಡಿಯಿಂದ ಒತ್ತಿ, "ಕುಡದೈತಿ, ಸಾಕು" ಎನ್ನುತ್ತಿದ್ದ. ಹೊಲದವನು ಎಷ್ಟು ಗೋಗರೆದರೂ ಅಷ್ಟೇ. ನಾನು ದೊಡ್ಡವಳಾದ ಮೇಲೆ ಇದೇ ಕೆಲಸ ಮಾಡುವುದೆಂದು ಆಗಲೇ ತೀರ್ಮಾನಿಸಿದ್ದೆ. ತಡ ಯಾಕೆ ಅಂತ ಏಳನೇ ವಯಸ್ಸಿಗೇ ಬಚ್ಚಲಿನಿಂದ ಹಿತ್ತಲಿನ ಬೆಂಡೆಗಿಡದವರೆಗೆ ನನ್ನದೇ ಒಂದು ಕಾಲುವೆ ತೋಡಿದೆ. ದಾರಿಯಲ್ಲಿ ಅವ್ವನ ಕುಳ್ಳಿನ ಗೂಡು ಇತ್ತು. ಮಳೆಗಾಲಕ್ಕೆಂದು ಒಟ್ಟಿದ್ದ ಅಷ್ಟೂ ಕುಳ್ಳು ಮೂರು ದಿನದಲ್ಲಿ ವಾಪಸು ಸೆಗಣಿಯಾಯಿತು. ಅಪ್ಪ ಬಂದು ನೋಡಿದ. ಬೈಯಲಿಲ್ಲ. ಹಿಮ್ಮಡಿಯಿಂದ ಒತ್ತಿ, "ಇಳಿಜಾರ ಕಮ್ಮಿ ಆಗೇದವ್ವ" ಎಂದ. ಅವ್ವ ಇಬ್ಬರನ್ನೂ ಸೇರಿಸಿ ಹಿತ್ತಲಿನಿಂದ ಓಡಿಸಿದಳು.

ಅಂಥ ನನಗೆ ಧಾರವಾಡದಲ್ಲಿ ಕೃಷಿ ಓದಿ, ಮದುವೆಯಾಗಿ ಪುಣೆಗೆ ಬಂದ ಮೇಲೆ ಸಿಕ್ಕ ಕೆಲಸ ಗಾಲ್ಫ್ ಮೈದಾನದಲ್ಲಿ ಹುಲ್ಲು ಬೆಳೆಸುವುದು. ಫೋನಿನಲ್ಲಿ ಅವ್ವನಿಗೆ ಹೇಳಿದಾಗ ಆಕೆಗೆ ಭಾಳ ಖುಷಿಯಾಯಿತು.

"ಎಷ್ಟ ಎಕರೆ?"

"ನೂರರ ಮ್ಯಾಲೆ ಅದ ಅವ್ವಾ."

"ಅಷ್ಟೂ ಬರೇ ಹುಲ್ಲ? ದನ ಎಷ್ಟ ಅದಾವ?"

"ದನ ಇಲ್ಲ."

"ಮತ್ತ ಹುಲ್ಲು ಯಾರ ತಿಂತಾರ?"

ಇದಕ್ಕೆ ನಾನು ಇವತ್ತಿನವರೆಗೂ ಆಕೆಗೆ ಒಪ್ಪುವ ಉತ್ತರ ಕೊಟ್ಟಿಲ್ಲ.

ಈಗ ಅಪ್ಪ ಪುಣೆಗೆ ಬಂದಿದ್ದ ಒಂದು ಚಳಿಗಾಲದ ಕತೆಗೆ ಬರುತ್ತೇನೆ. ಬೇರೆಯವರಿಗೆ ಚಳಿಗಾಲ ಅಂದರೆ ಸ್ವೆಟರು, ಹುರಿಗಡಲೆ. ನಮಗೆ ಅದು ಆಪರೇಶನ್ನಿನ ಕಾಲ. ಮಳೆ ನಿಂತಿರುತ್ತದೆ, ಹುಲ್ಲು ನಿಧಾನಕ್ಕೆ ಬೆಳೆಯುತ್ತದೆ, ನೆಲ ಅಗೆಯಬಹುದು. ನಮ್ಮ ಮೈದಾನದಲ್ಲಿ ಚೆಂಡು ಬೀಳಿಸುವ ಹದಿನೆಂಟು ಗುಂಡಿಗಳಿವೆ. ಪ್ರತಿ ಗುಂಡಿಯ ಸುತ್ತ ಕಾರ್ಪೆಟ್ಟಿನಂಥ ನುಣುಪು ಹುಲ್ಲು. ಏಳನೇ ಗುಂಡಿಯದು ಮಾತ್ರ ಕಾರ್ಪೆಟ್ ಅಲ್ಲ, ನೆನೆಸಿಟ್ಟ ಬ್ರೆಡ್ಡು. ಮಳೆಗಾಲದಲ್ಲಿ ಕೆರೆಯಾಗುವುದಿರಲಿ, ಡಿಸೆಂಬರಿನಲ್ಲೂ ಒದ್ದೆ. ಅಲ್ಲಿಗೆ ಬಂದ ಚೆಂಡು ಉರುಳುವುದಿಲ್ಲ, ಪಚಕ್ ಅಂತ ಕೂತುಬಿಡುತ್ತದೆ.

ಕ್ಲಬ್ಬಿನ ಕಾರ್ಯದರ್ಶಿ ಒಬ್ಬ ನಿವೃತ್ತ ಕರ್ನಲ್ ಸಾಹೇಬರು. ಆ ವರ್ಷ ನನ್ನನ್ನು ಕರೆದು ಹೇಳಿದರು, "ಜನವರಿ ಕೊನೆಗೆ ನಮ್ಮ ಕಪ್ಪಿನ ಪಂದ್ಯ. ಅಷ್ಟರಲ್ಲಿ ಏಳನೇದು ಒಣಗಬೇಕು. ಇಲ್ಲದಿದ್ದರೆ ಹುಲ್ಲಿನ ಕೆಲಸವನ್ನು ಹೊರಗಿನ ಕಂಪನಿಗೆ ಕೊಡೋಣ ಅಂತ ಕಮಿಟಿ ಹೇಳುತ್ತಿದೆ." ದನಿ ಏರಿಸಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಕೆಲಸಕ್ಕೆ ಚೇತನ್ ಎಂಬ ಹುಡುಗನನ್ನು ಸಲಹೆಗಾರನಾಗಿ ತಂದರು. ಮೈಸೂರಿನವನು, ಇಂಜಿನಿಯರು, ಲ್ಯಾಪ್‌ಟಾಪ್ ಇಲ್ಲದೆ ಮಣ್ಣು ಮುಟ್ಟುವವನಲ್ಲ. ಎರಡು ಕೆಲಸ ಅವನದು. ಒಂದು, ಫೋನಿನಿಂದಲೇ ನಡೆಯುವ ಹೊಸ ತುಂತುರು ಕೊಳವೆಗಳು. ಇನ್ನೊಂದು, ಏಳನೇ ಗುಂಡಿಯ ಹುಲ್ಲಿನ ಕೆಳಗೆ ನೀರು ಬಸಿದುಹೋಗಲು ತೂತಿನ ಪೈಪುಗಳ ಜಾಲ. ನಡುವೆ ಒಂದು ದೊಡ್ಡ ಪೈಪು, ಎರಡೂ ಕಡೆ ಓರೆಯಾಗಿ ಸಣ್ಣವು. ಕ್ಲಬ್ಬಿನ ಕ್ಯಾಂಟೀನಿನಲ್ಲಿ ಕೂತು ನನಗೆ ನಕ್ಷೆ ತೋರಿಸುತ್ತಿದ್ದ.

"ಸಿಂಪಲ್ ಮೇಡಂ. ಮೀನಿನ ಮೂಳೆ ಥರ ಇರತ್ತೆ ಡಿಸೈನು."

ಕ್ಯಾಂಟೀನಿನ ಶೆಟ್ಟರು ಕುಂದಾಪುರದ ಕಡೆಯವರು. ಮೀನು ಎಂದದ್ದೇ ತಡ, ಕೈ ಒರೆಸಿಕೊಂಡು ಬಂದರು. ನಕ್ಷೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಇದು ಯಾವ ಮೀನು ಮಾರಾಯ್ರೆ? ಬಂಗುಡೆಗೆ ಇಷ್ಟು ಮುಳ್ಳು ಇಲ್ಲ. ಅಂಜಲ್ ಅಂತೂ ಅಲ್ಲವೇ ಅಲ್ಲ."

"ಸರ್, ಇದು ಡ್ರೇನೇಜು."

"ಅದು ಗೊತ್ತುಂಟು. ಮೀನು ಯಾವುದು ಅಂತ ಕೇಳಿದ್ದು."

ಕೊನೆಗೆ ಇಬ್ಬರೂ ಸೇರಿ ಮೈತುಂಬ ಮುಳ್ಳಿರುವ ಪೇಡಿ ಮೀನು ಎಂದು ತೀರ್ಮಾನಿಸಿದರು.

ಇದೇ ಹೊತ್ತಿಗೆ ಅಪ್ಪ ಪುಣೆಗೆ ಬಂದ, ಕಣ್ಣಿನ ಪೊರೆ ತೆಗೆಸಿಕೊಳ್ಳಲು. ಎಡಗಣ್ಣಿನ ಆಪರೇಶನ್ ಆಯಿತು. ಬಗ್ಗಬೇಡ, ಭಾರ ಎತ್ತಬೇಡ, ಧೂಳಿಗೆ ಹೋಗಬೇಡ ಅಂದರು ಡಾಕ್ಟರು. ದೇಹೂ ರೋಡಿನ ನಮ್ಮ ಮನೆಯಲ್ಲಿ ಅಪ್ಪ ನಾಲ್ಕು ದಿನ ಟಿವಿ ಮುಂದೆ ಕೂತ. ಐದನೇ ದಿನ ಅಡುಗೆಮನೆಯ ನಲ್ಲಿ ಬಿಚ್ಚಿ ಇಟ್ಟಿದ್ದ. ಆರನೇ ದಿನದಿಂದ ಅವನನ್ನು ಕೆಲಸಕ್ಕೆ ಕರೆದುಕೊಂಡು ಹೋಗತೊಡಗಿದೆ.

ಆರಡಿ ಎತ್ತರ, ಬಿಳೀ ಧೋತರ, ಬಿಳೀ ರುಮಾಲು, ಆಸ್ಪತ್ರೆಯವರು ಕೊಟ್ಟ ದೊಡ್ಡ ಕಪ್ಪು ಕನ್ನಡಕ. ಆ ವೇಷದಲ್ಲಿ ಅಪ್ಪ ಕೈ ಹಿಂದೆ ಕಟ್ಟಿಕೊಂಡು ಹುಲ್ಲಿನ ಮೇಲೆ ಓಡಾಡಿದರೆ, ಆಡುತ್ತಿದ್ದವರು ಆಟ ನಿಲ್ಲಿಸಿ ದಾರಿ ಬಿಡುತ್ತಿದ್ದರು. ಕರ್ನಲ್ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು ಯಾರಿವರು ಎಂದು ಕೇಳಿದರು.

"ನಮ್ಮ ತಂದೆ ಸರ್. ನೀರಾವರಿ ಇಲಾಖೆಯಲ್ಲಿದ್ದರು."

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ದೊಡ್ಡ ಇಂಜಿನಿಯರೇ ಇರಬೇಕೆಂದು ಸಾಹೇಬರ ಹುಬ್ಬು ಮೇಲೇರಿದ್ದನ್ನು ನೋಡಿಯೂ ತಿದ್ದಲಿಲ್ಲ. ಮರುದಿನವೇ ಚೇತನ್‌ನ ನಕ್ಷೆ ಹಿಡಿದುಕೊಂಡು ಬಂದು, ಅಪ್ಪನಿಗೆ ನಮಸ್ಕಾರ ಮಾಡಿ, ಹಿಂದಿಯಲ್ಲಿ ಅಭಿಪ್ರಾಯ ಕೇಳಿದರು. ಅಪ್ಪನಿಗೆ ಹಿಂದಿ ಬರುವುದಿಲ್ಲ. ನಕ್ಷೆ ತಲೆಕೆಳಗಾಗಿ ಹಿಡಿದಿದ್ದ. ಒಂದು ಗಳಿಗೆ ನೋಡಿ, "ಹರಿಯೂದಿಲ್ಲ" ಎಂದ.

"ಏನಂತಾರೆ?" ಎಂದರು ಸಾಹೇಬರು.

"ಇನ್ನೊಮ್ಮೆ ನೋಡಬೇಕಂತೆ ಸರ್" ಎಂದೆ. ಚೇತನ್‌ಗೆ ಕನ್ನಡ ಗೊತ್ತಲ್ಲ, ಮುಖ ಕೆಂಪಗಾಯಿತು.

"ಅಂಕಲ್, ಲೆವೆಲ್ ಎಲ್ಲಾ ಲೇಸರಲ್ಲಿ ಚೆಕ್ ಮಾಡಿದೀನಿ."

"ಏನ್ ಹಾಕ್ಯಾನ?" ಎಂದು ಅಪ್ಪ ನನ್ನನ್ನು ಕೇಳಿದ.

"ಲೇಸರು, ಅಪ್ಪಾ. ಬೆಳಕಿನ ದಾರ."

"ನೀರಿಗೆ ಕಣ್ಣಿರೂದಿಲ್ಲ ತಮ್ಮಾ" ಎಂದ ಅಪ್ಪ, ಒಂದು ಕಣ್ಣು ಮುಚ್ಚಿಕೊಂಡೇ.

ಆದರೂ ಅಪ್ಪನಿಗೆ ಚೇತನ್‌ನ ಫೋನಿನ ಮೇಲೆ ಒಳಗೊಳಗೇ ಗೌರವ ಹುಟ್ಟಿತು. ಹುಡುಗ ನೆರಳಲ್ಲಿ ಕೂತು ಬೆರಳು ಒತ್ತಿದರೆ ಎಲ್ಲೋ ದೂರದ ಹುಲ್ಲಿನಲ್ಲಿ ನೀರು ಚಿಮ್ಮುತ್ತಿತ್ತು. ಎರಡು ದಿನ ಅದನ್ನೇ ನೋಡಿದ ಅಪ್ಪ, ಕೊನೆಗೆ ನಿಟ್ಟುಸಿರು ಬಿಟ್ಟು, "ಛಲೋ ಅದ. ಆದ್ರ ಯಾರೂ ಬಂದು ಕೈ ಮುಗಿಯೂದಿಲ್ಲ ಪಾಪ" ಎಂದ.

ಪೈಪು ಹೂಳಿ, ಜಲ್ಲಿ ಮರಳು ತುಂಬಿ, ಮೇಲೆ ಹುಲ್ಲಿನ ಹಾಸು ಕೂರಿಸಿ ಆಯಿತು. ದೊಡ್ಡ ಪೈಪಿನ ಬಾಯನ್ನು, ಅಲ್ಲಿಂದಲೇ ಮೈದಾನದಾಚೆಯ ಹಳ್ಳಕ್ಕೆ ಹೋಗುವ ಒಂದು ಹಳೇ ಪೈಪಿಗೆ ಜೋಡಿಸಿದ್ದೆವು. ಪರೀಕ್ಷೆಗೆಂದು ಒಂದು ಸಂಜೆ ಚೇತನ್ ನೀರು ಬಿಟ್ಟ. ನೀರು ಹುಲ್ಲಿನೊಳಗೆ ಇಳಿಯಿತು, ಎಲ್ಲರೂ ಚಪ್ಪಾಳೆ ಹೊಡೆದರು. ಹತ್ತು ನಿಮಿಷದ ಮೇಲೆ ಅಷ್ಟೂ ನೀರು ಸಾವಕಾಶವಾಗಿ ವಾಪಸು ಮೇಲೆ ಬಂತು. ಚೇತನ್ ಲ್ಯಾಪ್‌ಟಾಪ್ ತೆಗೆದು ನೋಡಿದ, ಮುಚ್ಚಿದ, ಮತ್ತೆ ತೆಗೆದು ನೋಡಿದ. ಪಂದ್ಯಕ್ಕೆ ಹನ್ನೆರಡು ದಿನ ಇತ್ತು. ಆ ದಿನ ಮನೆಗೆ ಹೋಗುವಾಗ ನಾನು ಉಳಿದ ದಿನಗಳನ್ನು ಬೆರಳಲ್ಲಿ ಎಣಿಸುತ್ತಿದ್ದೆ. ಅಪ್ಪ, "ನೌಕರಿ ಹೋಗ್ತದೇನ?" ಎಂದ. "ಗೊತ್ತಿಲ್ಲ" ಎಂದೆ.

ಮರುದಿನ ಬೆಳಿಗ್ಗೆ ನಾನು ಆಫೀಸಿನಲ್ಲಿ ಕಾಗದ ನೋಡುತ್ತಿದ್ದಾಗ ಅಪ್ಪ ಎಲ್ಲಿಗೆ ಹೋದನೋ ಗಮನಿಸಲಿಲ್ಲ. ಮೂರು ತಾಸಿನ ಮೇಲೆ ಚಹಾ ತೆಗೆದುಕೊಂಡು ಹುಡುಕುತ್ತಾ ಹೋದೆ. ಏಳನೇ ಗುಂಡಿಯ ಅಂಚಿನಿಂದ, ವರ್ಷಗಟ್ಟಲೆ ಮಗುವಿನ ತಲೆಗೂದಲಿನಂತೆ ಬಾಚಿ ಬೆಳೆಸಿದ ನನ್ನ ಹುಲ್ಲನ್ನು ಸೀಳಿಕೊಂಡು, ಒಂದು ಕಾಲುವೆ ಹೊರಟಿತ್ತು. ಗೇಣು ಆಳ, ನಲವತ್ತು ಹೆಜ್ಜೆ ಉದ್ದ. ಅದರ ಕೊನೆಯಲ್ಲಿ ನಮ್ಮ ಮಾಲಿಗಳ ಸಲಿಕೆ ಹಿಡಿದು ಅಪ್ಪ ಕೂತಿದ್ದ.

"ಅಪ್ಪಾ, ಬಗ್ಗಬ್ಯಾಡ ಅಂದಾರ ಡಾಕ್ಟರು." ನನ್ನ ಬಾಯಿಂದ ಮೊದಲು ಬಂದದ್ದು ಇದು. ಮನುಷ್ಯನಿಗೆ ಆಘಾತವಾದಾಗ ಹೀಗೆಯೇ.

"ಬಗ್ಗಿಲ್ಲ. ಕುಂತು ಅಗದೀನಿ. ನೋಡ, ಹೆಂಗ ಹೊಂಟದ."

ನೀರು ಹೊರಟಿತ್ತು ನಿಜ. ರಾತ್ರಿಯೆಲ್ಲ ನಿಂತಿದ್ದ ನೀರು ಕುಣಿಯುತ್ತಾ, ಬಿಸಿಲಿಗೆ ಹೊಳೆಯುತ್ತಾ ಕಾಲುವೆಯಲ್ಲಿ ಇಳಿಯುತ್ತಿತ್ತು. ನೋಡಲು ಚೆಂದವೇ ಇತ್ತು. ಆದರೆ ಹಳ್ಳ ಎಡಗಡೆ. ನೀರು ಹೊರಟದ್ದು ಬಲಗಡೆಗೆ. ಬಲಗಡೆ ಏನಿದೆ ಎಂದು ನಾನು ತಲೆ ಎತ್ತುವಷ್ಟರಲ್ಲಿ ಕ್ಯಾಂಟೀನಿನ ಹಿಂಬಾಗಿಲಿನಿಂದ ಶೆಟ್ಟರ ದನಿ ಕೇಳಿತು.

"ಪ್ರಭಕ್ಕಾ, ಸ್ವಲ್ಪ ಬನ್ನಿ. ಸ್ಟೋರಿನಲ್ಲಿ ಈರುಳ್ಳಿ ತೇಲ್ತಾ ಉಂಟು."

ಈರುಳ್ಳಿ ಮಾತ್ರ ಅಲ್ಲ. ಅಕ್ಕಿಯ ಖಾಲಿ ಡಬ್ಬ, ಬಾಳೆಎಲೆಯ ಕಟ್ಟು, ಶೆಟ್ಟರ ಒಂದು ಚಪ್ಪಲಿ, ಎಲ್ಲವೂ ಪಾದ ಮುಳುಗುವ ನೀರಿನಲ್ಲಿ ಒಂದರ ಹಿಂದೊಂದು ಸುತ್ತು ಹಾಕುತ್ತಿದ್ದವು. ಚೇತನ್ ಓಡಿ ಬಂದ. ಅಪ್ಪ ಬಾಗಿಲಲ್ಲಿ ನಿಂತು ಕಪ್ಪು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

"ಒಂದ ಕಣ್ಣಿಗೆ ಇಳಿಜಾರ ತಿಳಿಯೂದಿಲ್ಲ" ಎಂದ ಮೆಲ್ಲಗೆ. ಮೂವತ್ತು ವರ್ಷ ನೀರಿಗೆ ದಾರಿ ತೋರಿಸಿದವನ ಮುಖ ಅಷ್ಟು ಸಣ್ಣಗಾದದ್ದನ್ನು ನಾನು ನೋಡಿರಲಿಲ್ಲ. ನನ್ನ ನೌಕರಿ, ಹುಲ್ಲು, ಎಲ್ಲ ಆ ಗಳಿಗೆ ಮರೆತುಹೋಯಿತು.

ನೀರು ಹೊರಗೆ ಹೋಗಬೇಕಲ್ಲ. ಸ್ಟೋರಿನ ಮೂಲೆಯಲ್ಲಿ, ಗ್ರೈಂಡರಿನ ಎತ್ತರದ ಕಟ್ಟೆಯ ಪಕ್ಕ, ಒಂದು ಕಲ್ಲುಚಪ್ಪಡಿ ಕಂಡಿತು. ಅಪ್ಪ ಅದರ ಕಡೆ ನಡೆದ.

"ಅದು ಬೇಡ ಯಜಮಾನ್ರೆ" ಎಂದರು ಶೆಟ್ಟರು, ಸ್ವಲ್ಪ ಹೆಚ್ಚೇ ಬೇಗ. "ಅದರ ಕೆಳಗೆ ಎಂತದೂ ಇಲ್ಲ."

ಅಪ್ಪನಿಗೆ ಕುಂದಾಪುರದ ಕನ್ನಡ ಅರ್ಥವಾಗಲಿಲ್ಲ. ದನಿ ಅರ್ಥವಾಯಿತು. ರೈತರು ಕದ್ದು ನೀರು ತಿರುಗಿಸಿಕೊಂಡಾಗ ಇದೇ ದನಿಯಲ್ಲಿ ಮಾತಾಡುತ್ತಾರಂತೆ. ಭಾರ ಎತ್ತಬಾರದೆಂದು ಚೇತನ್ ಕೈಲಿ ಚಪ್ಪಡಿ ಎತ್ತಿಸಿದ. ಕೆಳಗೆ ಒಂದು ದಪ್ಪ ಪೈಪಿನ ಒಡೆದ ಬಾಯಿ, ಅದಕ್ಕೆ ಗ್ರೈಂಡರಿನ ಕೆಳಗಿನಿಂದ ಬಂದ ಸಣ್ಣ ಪೈಪಿನ ಜೋಡಣೆ. ದಪ್ಪ ಪೈಪಿನ ತುಂಬ ಬೆಳ್ಳಗೆ, ಗಾರೆಯ ಹಾಗೆ, ಗಟ್ಟಿಯಾಗಿ ಏನೋ ತುಂಬಿಕೊಂಡಿತ್ತು. ಅಪ್ಪ ಕುಕ್ಕರುಗಾಲಿನಲ್ಲಿ ಕೂತು ಚಿಟಿಕೆ ತೆಗೆದು ಮೂಸಿದ.

"ಪ್ರಭಾ, ಇದು ದ್ವಾಸಿ ಹಿಟ್ಟು."

ಚೇತನ್ ಪೈಪನ್ನು ನೋಡಿದ, ಹಳ್ಳದ ಕಡೆ ನೋಡಿದ. "ಮೇಡಂ, ಇದು ನಮ್ಮ ಔಟ್‌ಲೆಟ್ ಪೈಪೇ. ಏಳನೇದರಿಂದ ಹಳ್ಳಕ್ಕೆ ಹೋಗೋ ಹಳೇ ಲೈನು, ಕ್ಯಾಂಟೀನ್ ಕೆಳಗಿಂದ ಸುತ್ತು ಹಾಕ್ಕೊಂಡು ಹೋಗತ್ತೆ. ಇದು ಬ್ಲಾಕ್ ಆಗಿದ್ದಕ್ಕೆ ನೀರೆಲ್ಲಾ ವಾಪಸ್ ಬರ್ತಿದೆ."

ಶೆಟ್ಟರು ಒಂದು ಅಕ್ಕಿಮೂಟೆಯ ಮೇಲೆ ಕೂತುಬಿಟ್ಟರು. ಕ್ಯಾಂಟೀನ್ ಶುರುಮಾಡಿದಾಗ ಗ್ರೈಂಡರ್ ತೊಳೆದ ನೀರು ಹೋಗಲು ಜಾಗವಿರಲಿಲ್ಲವಂತೆ. ಯಾರನ್ನೂ ಕೇಳದೆ ಆ ಪೈಪಿಗೆ ಜೋಡಿಸಿದ್ದರಂತೆ. ಅಂದರೆ ಇಷ್ಟು ವರ್ಷವೂ ಆ ಎತ್ತರದ ಕಟ್ಟೆಯಿಂದ ರಭಸವಾಗಿ ಇಳಿದ ಕ್ಯಾಂಟೀನಿನ ಹುಳಿನೀರು ಹಳ್ಳಕ್ಕೆ ಹೋಗಲಾರದೆ, ಪೈಪಿನಲ್ಲಿ ಹಿಂದಕ್ಕೆ ಹೋಗಿ ನನ್ನ ಏಳನೇ ಗುಂಡಿಗೆ ನೀರುಣಿಸುತ್ತಿತ್ತು. ಅಲ್ಲಿ ಹುಲ್ಲು ಯಾಕಿಷ್ಟು ಕಡುಹಸಿರು ಎಂದು ನಾನು ಒಮ್ಮೆ ಒಂದು ಸಭೆಯಲ್ಲಿ ನನ್ನ ಗೊಬ್ಬರದ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿದ್ದೆ.

"ಸಾಹೇಬರಿಗೆ ಹೇಳಬೇಡಿ ಅಕ್ಕ. ಕ್ಯಾಂಟೀನು ಹೋಗ್ತದೆ" ಎಂದರು ಶೆಟ್ಟರು.

ಹೇಳುವ ಅಗತ್ಯ ಬರಲಿಲ್ಲ. ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಮೊದಲು ಹೊರಗಿನ ಕಾಲುವೆ ನೋಡಿಕೊಂಡು ಬಂದಿದ್ದರು.

"ಮ್ಯಾಡಮ್, ಹೇ ಕುಣೀ ಕೇಲಂ?" ಇದನ್ನು ಮಾಡಿದ್ದು ಯಾರು ಎಂದು ಮರಾಠಿಯಲ್ಲಿ ಕೇಳಿದರು. ಸಿಟ್ಟು ಬಂದಾಗ ಅವರಿಗೆ ಇಂಗ್ಲಿಷ್ ಮರೆತುಹೋಗುತ್ತದೆ.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಮುಂದೆ ಬಂದ. "ಹೇಳವ್ವ ಅವರಿಗೆ. ಕಾಲಿವಿ ತೋಡಿದಾಂವ ನಾನು. ತಪ್ಪ ದಿಕ್ಕಿಗೆ ತೋಡೀನಿ. ನಾ ಇಂಜಿನಿಯರ್ ಅಲ್ಲ. ನೀರಗಂಟಿ. ಆ ಹುಡುಗನ ಪೈಪು ಬರೋಬ್ಬರಿ ಅದಾವ, ನಾನ ಹರಿಯೂದಿಲ್ಲ ಅಂದಿದ್ದೆ. ಅದನ್ನೂ ಹೇಳು."

ಇಷ್ಟು ದಿನ ಅನುವಾದದಲ್ಲಿ ನಾನು ಮಾಡಿದ ಕೈಚಳಕ ಈಗ ನಡೆಯುವಂತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನೀರಗಂಟಿ ಎನ್ನುವಲ್ಲಿ ಮಾತ್ರ ತಡವರಿಸಿದೆ. ಮರಾಠಿಯಲ್ಲಿ ಏನೆನ್ನುತ್ತಾರೆ ಎಂದು ಯೋಚಿಸಿ, "ಪಾಟಕರೀ" ಎಂದೆ.

ಕರ್ನಲ್ ಸಾಹೇಬರಲ್ಲಿ ಏನೋ ಬದಲಾಯಿತು. ಬೆನ್ನು ನೆಟ್ಟಗಾಯಿತು, ಎರಡೂ ಕಾಲು ಕೂಡಿಕೊಂಡವು. ಸಾಹೇಬರದು ಪುಣೆಯ ಆಚೆಗಿನ ಶಿರೂರಿನ ಕಬ್ಬಿನ ಹೊಲದ ಮನೆತನ. ಇಂಜಿನಿಯರುಗಳನ್ನು ಅವರು ಸೈನ್ಯದಲ್ಲಿ ಬೇಕಾದಷ್ಟು ನೋಡಿದ್ದಾರೆ, ಬೈದಿದ್ದಾರೆ. ಆದರೆ ಪಾಟಕರಿ ಬೇರೆ. ಚಿಕ್ಕಂದಿನಲ್ಲಿ ಅವರ ಊರಿನ ಪಾಟಕರಿ ದಂಡೆಯ ಮೇಲೆ ಕಂಡರೆ ಅವರ ಅಜ್ಜ ಜೋಡು ಕಳಚಿ ನಿಲ್ಲುತ್ತಿದ್ದರಂತೆ. ಆ ಮನುಷ್ಯ ಮನಸ್ಸು ಮಾಡಿದರೆ ಕಬ್ಬು, ಇಲ್ಲದಿದ್ದರೆ ಸೌದೆ. ಇದನ್ನೆಲ್ಲ ಆಮೇಲೆ ಹೇಳಿದರು. ಆಗ ಹೇಳಿದ್ದು ಒಂದೇ ಮಾತು.

"ಇವರಿಗೆ ಕುರ್ಚಿ ಯಾಕೆ ಕೊಟ್ಟಿಲ್ಲ?"

ಶೆಟ್ಟರು ನೀರಿನಲ್ಲೇ ಒಂದು ಕುರ್ಚಿ ತಂದಿಟ್ಟರು. ಅಪ್ಪ ಅದರ ಮೇಲೆ, ಧೋತರ ಮೊಣಕಾಲಿಗೆ ಎತ್ತಿಕೊಂಡು, ತೇಲುವ ಈರುಳ್ಳಿಗಳ ನಡುವೆ ಕೂತು, ಶೆಟ್ಟರ ವಿಷಯ ತೀರ್ಮಾನ ಮಾಡಿದ. ಗ್ರೈಂಡರಿಗೆ ಬೇರೆ ಪೈಪು ಹಾಕಬೇಕು, ಹಳೇದನ್ನು ಶೆಟ್ಟರೇ ನಿಂತು ತೊಳೆಸಬೇಕು, ಕ್ಯಾಂಟೀನು ಇರಲಿ. ನಾನು ಅನುವಾದಿಸಿದೆ. ಸಾಹೇಬರು ಪ್ರತಿ ವಾಕ್ಯಕ್ಕೂ ತಲೆಯಾಡಿಸಿದರು.

ಹಳೇ ಪೈಪು ತೊಳೆಯಲು ನಾಲ್ಕು ದಿನ ಹಿಡಿಯಿತು. ಅಪ್ಪನ ಕಾಲುವೆಯನ್ನು ಅಪ್ಪ ಮತ್ತು ಚೇತನ್ ಸೇರಿ ಮುಚ್ಚಿಸಿದರು. ಅಪ್ಪ ಕೂತು ಹೇಳುವುದು, ಚೇತನ್ ಲೇಸರ್ ಹಿಡಿಯುವುದು. ಇಬ್ಬರಿಗೂ ಇನ್ನೊಬ್ಬನ ಕನ್ನಡ ಅರ್ಧ ಮಾತ್ರ ತಿಳಿಯುತ್ತಿದ್ದರಿಂದ ಜಗಳವೂ ಅರ್ಧವೇ ಆಗುತ್ತಿತ್ತು. ಪಂದ್ಯದ ದಿನ ಏಳನೇ ಗುಂಡಿಯಲ್ಲಿ ಚೆಂಡು ಉರುಳಿತು. ಎಷ್ಟು ಉರುಳಿತು ಅಂದರೆ, ಪಚಕ್ ಎಂದು ಕೂರುವ ನೆಲಕ್ಕೆ ಕೈ ಕುದುರಿಸಿಕೊಂಡಿದ್ದ ಹಳೇ ಸದಸ್ಯರೆಲ್ಲ ಹೊಡೆದ ಚೆಂಡು ಗುಂಡಿ ದಾಟಿ ಮುಂದಕ್ಕೇ ಹೋಯಿತು. ಅವರೆಲ್ಲ ಸೋತರು. ಮೊದಲೇ ಚೆನ್ನಾಗಿತ್ತು ಎಂದು ಮೂರು ಜನ ಬರೆದು ದೂರು ಕೊಟ್ಟರು. ನನ್ನ ನೌಕರಿ ಉಳಿಯಿತು.

ಅಪ್ಪ ಊರಿಗೆ ಹೊರಡುವ ದಿನ ಸ್ವಾರಗೇಟಿನಿಂದ ಮಧ್ಯಾಹ್ನದ ಬಸ್ಸು. ಚೀಲ ಕಟ್ಟಿ ಕೂತಿದ್ದ. ಕರ್ನಲ್ ಸಾಹೇಬರು ನಮ್ಮ ಮನೆಗೆ ಬಂದರು. ಕೈಯಲ್ಲಿ ಬಿಳೀ ಬಟ್ಟೆ ಸುತ್ತಿದ ಒಂದು ದೊಡ್ಡ ಬೆಲ್ಲದ ಪೆಂಟಿ. ತಮ್ಮ ಹೊಲದ್ದೇ ಎಂದು ಮೇಜಿನ ಮೇಲಿಟ್ಟು, ಅಪ್ಪನ ಮುಂದೆ ನಿಂತರು, ಕೂರಲಿಲ್ಲ.

ಅಪ್ಪ ಪೆಂಟಿ ಮುಟ್ಟಲಿಲ್ಲ. ಕಾಲುವೆಯ ಮೇಲೆ ಇದ್ದಷ್ಟು ವರ್ಷವೂ ಒಬ್ಬ ರೈತನಿಂದ ಒಂದು ತೆಂಗಿನಕಾಯಿ ತಂದವನಲ್ಲ.

"ಕೇಳ ಪ್ರಭಾ, ಯಾವ ಹೊಲಕ್ಕ ನೀರ ಬೇಕಂತ?"

ನಾನು ಕೇಳಿದೆ. ಸಾಹೇಬರು ಗಂಭೀರವಾಗಿ ಯೋಚಿಸಿದರು. "ಯಾವುದಕ್ಕೂ ಬೇಡ. ಈಗ ಕಾಲುವೆಯ ಜೊತೆಗೆ ಮೂರು ಬೋರ್‌ವೆಲ್ ಇವೆ. ನೀರು ಬೇಕಾದಷ್ಟಿದೆ. ಸುಮ್ಮನೆ ತಂದೆ."

"ಬೇಡೂದು ಏನೂ ಇಲ್ಲಂದ್ರ ತೊಗೋಬಹುದು" ಎಂದ ಅಪ್ಪ. ಎರಡೂ ಕೈಯಲ್ಲಿ ತೆಗೆದುಕೊಂಡು, ಹಣೆಗೆ ಮುಟ್ಟಿಸಿ, ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ಸಾಹೇಬರು ಮಗುವಿನ ಹಾಗೆ ಅವನ ಮುಖ ನೋಡುತ್ತಾ ನಿಂತರು. ಅಪ್ಪ ನಿಧಾನಕ್ಕೆ ಚೀಪಿದ. ನುಂಗಿದ. ಇನ್ನೊಂದು ಚೂರು ಹಾಕಿಕೊಂಡು ಕಣ್ಣು ಮುಚ್ಚಿದ.

"ಉಪ್ಪಗ ಅದ."

ನಾನು ಅನುವಾದಿಸಲಿಲ್ಲ.

"ಹೇಳು. ಬೆಲ್ಲ ಉಪ್ಪಗ ಅದ. ಇವರ ಹೊಲ ಜವಳ ಹಿಡದದ. ನೀರ ಹೆಚ್ಚಾಗಿ ಬುಡದಾಗ ನಿಂತಾವ, ನೆಲದಾಗಿನ ಉಪ್ಪ ಮ್ಯಾಲೆ ಬಂದದ. ಬಸಿಗಾಲಿವಿ ತೆಗೀದಿದ್ರ ಇನ್ನ ನಾಕ ವರ್ಷಕ್ಕ ಅಲ್ಲೆ ಕಬ್ಬ ಬೆಳಿಯೂದಿಲ್ಲ."

ಹೇಳಿದೆ. ಬೇರೆ ಏನು ಮಾಡಲಿ? ಸಾಹೇಬರು ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಚೀಪಿದರು. ಆಮೇಲೆ ಬಾಗಿಲ ಬಳಿ ಇದ್ದ ಅಪ್ಪನ ಚೀಲವನ್ನು ತಾವೇ ಎತ್ತಿಕೊಂಡರು.

"ನನ್ನ ಗಾಡಿ ಕೆಳಗೇ ಇದೆ" ಎಂದರು. "ಶಿರೂರಿಗೆ ಎರಡು ತಾಸು."

"ಏನಂತಾರ?" ಎಂದ ಅಪ್ಪ, ಆಗಲೇ ಚಪ್ಪಲಿ ಮೆಟ್ಟುತ್ತಾ.